ಕಳಚಿ ಬಿದ್ದ ಎಲಿಮೆಂಟು

ಹೋದ ವರ್ಷ ಆಯುಧಪೂಜೆಗೆ ಇನ್ನು ಮೂರು ದಿನ ಇತ್ತು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ಸುಗಳಿಗೆ ಸ್ನಾನ ನಡೆದಿತ್ತು. ಸ್ನಾನ ಅಂದರೆ ಡೀಸೆಲ್ಲಿನಲ್ಲಿ ಅದ್ದಿದ ಕಾಟನ್ ವೇಸ್ಟಿನಲ್ಲಿ ವರ್ಷದ ಗ್ರೀಸನ್ನೆಲ್ಲ ಒರೆಸಿ ತೆಗೆಯುವುದು. ನನ್ನನ್ನು ಕರೆಸಿದ್ದು ಸಣ್ಣ ಕೆಲಸಕ್ಕೆ. 100 ಟನ್ನಿನ ಸಿ-ಫ್ರೇಮ್ ಪ್ರೆಸ್ಸಿನಲ್ಲಿ ಎಷ್ಟು ಸಲ ಒತ್ತಿತು ಅಂತ ಎಣಿಸುವ ಸ್ಟ್ರೋಕ್ ಕೌಂಟರ್ ಕೆಟ್ಟಿತ್ತು, ಅಷ್ಟೇ.

ಕೌಂಟರ್ ಬದಲಾಯಿಸಿದೆ. ಹುಡುಗರನ್ನೆಲ್ಲ ದೂರ ನಿಲ್ಲಿಸಿ ಮೋಟಾರ್ ಆನ್ ಮಾಡಿದೆ. ನನಗೊಂದು ಚಾಳಿ ಇದೆ. ಯಾವ ಮೆಷೀನ್ ಮುಟ್ಟಿದರೂ ವಾಪಸ್ ಕೊಡುವ ಮುಂಚೆ ಅದರ ಮೇಲಿರುವ ಎಲ್ಲ ಮಶ್ರೂಮ್ ಬಟನ್ನುಗಳನ್ನೂ, ಅಂದರೆ ಅಣಬೆಯಂಥ ಕೆಂಪು ಎಮರ್ಜೆನ್ಸಿ ಬಟನ್ನುಗಳನ್ನು, ಒಂದೊಂದಾಗಿ ಒತ್ತುತ್ತೇನೆ. ಒತ್ತಿ ಪ್ಯಾನೆಲ್ ಕಡೆ ಕಿವಿ ಕೊಡುತ್ತೇನೆ. ಮೋಟಾರಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಬಿದ್ದ 'ಟಕ್' ಸದ್ದು ಬರಬೇಕು. ಫ್ಲೈವೀಲ್ ಅನ್ನುವ ಭಾರದ ಚಕ್ರ ಇನ್ನೂ ಸುತ್ತುತ್ತಿರುತ್ತದಾದ್ದರಿಂದ ಕಣ್ಣಿಗೆ ಬೇಗ ಗೊತ್ತಾಗುವುದಿಲ್ಲ, ಕಿವಿಯೇ ಗತಿ.

ಮೆಷೀನಿನ ಮುಂಭಾಗದ ಎರಡು ಬಟನ್ ಒತ್ತಿದೆ. ಟಕ್. ಟಕ್. ಮೋಟಾರನ್ನು ಮತ್ತೆ ಆನ್ ಮಾಡಿ ಹಿಂದೆ ಹೋದೆ. ಅಲ್ಲಿ ಸ್ಕ್ರ್ಯಾಪ್ ತೆಗೆಯುವ ಜಾಗದಲ್ಲಿ, ಗೋಡೆ ಕಡೆ ಒಂದು ಹಳದಿ ಡಬ್ಬಿ, ಅದರ ಮೇಲೆ ಕೆಂಪು ಮಶ್ರೂಮ್. ಒತ್ತಿದೆ. ಒಳಗೆ ಹೋಗಿ ಲಾಕ್ ಆಯಿತು. ಸದ್ದಿಲ್ಲ. ಮೋಟಾರ್ ತನ್ನ ಪಾಡಿಗೆ ಓಡುತ್ತಿದೆ.

ಎಳೆದು ಇನ್ನೊಂದು ಸಲ ಒತ್ತಿದೆ. ಊಹೂಂ.

ಮುಂದಿನ ಬಟನ್ನಿನಿಂದ ನಿಲ್ಲಿಸಿ, ಮೇನ್ ಆಫ್ ಮಾಡಿ, ಬೀಗ ಹಾಕಿ, ಆ ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿದೆ. ಬಟನ್ನಿನ ಹೆಡ್ಡು ಮುಚ್ಚಳದಲ್ಲಿ ಭದ್ರವಾಗಿ ಕೂತಿದೆ. ಅದರ ಬೆನ್ನಿಗೆ ಇರಬೇಕಾಗಿದ್ದ, ಕರೆಂಟು ಕಟ್ ಮಾಡುವ ಎರಡು ಕೆಂಪು ಎಲಿಮೆಂಟುಗಳು, ಹಿಡಿದುಕೊಳ್ಳುವ ಕ್ಲಿಪ್ಪಿನ ಸಮೇತ ಕಳಚಿ, ವೈರಿಗೆ ಜೋತುಬಿದ್ದು, ಡಬ್ಬಿಯ ತಳದಲ್ಲಿ ಎಣ್ಣೆಯ ಜೊತೆ ಮಲಗಿವೆ. ಒಂದು ವೈರೂ ಬಿಚ್ಚಿಲ್ಲ. ಒಂದು ಸ್ಕ್ರೂವೂ ಲೂಸಿಲ್ಲ. ವೈರಿಂಗ್ ನೋಡಿದರೆ ಯಾರಾದರೂ ಶಹಬ್ಬಾಸ್ ಅನ್ನಬೇಕು.

ಪಕ್ಕದಲ್ಲಿ ನಿಂತಿದ್ದ ಹಿರಿಯ ಆಪರೇಟರ್ ಬಗ್ಗಿ ನೋಡಿದರು. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುವುದು. ಮಳವಳ್ಳಿ ಕಡೆಯವರು. "ಹಂಗಾರೆ ಇದ ಒತ್ತುದ್ರೂ ಒಂದೇಯಾ, ಬುಟ್ರೂ ಒಂದೇಯಾ?" ಅಂದರು.

ಹೌದಣ್ಣ, ಅಂದೆ. ಎಷ್ಟು ದಿನದಿಂದ ಹೀಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಗೋಡೆಗೆ ನೇತುಹಾಕಿದ್ದ ಚೆಕ್ ರಿಜಿಸ್ಟರ್ ತೆಗೆದೆ. 'ಎಮರ್ಜೆನ್ಸಿ ಬಟನ್ ಪರೀಕ್ಷೆ' ಕಾಲಂನಲ್ಲಿ ದಿನಾ ಟಿಕ್ ಇತ್ತು. ಇನ್ನೂ ಬಾರದ ದಿನಗಳಿಗೂ ಇತ್ತು!

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಎಮರ್ಜೆನ್ಸಿ ಬಟನ್ನಿನಲ್ಲಿ ಹಾಕುವುದು ಎನ್‌ಸಿ, ಅಂದರೆ ನಾರ್ಮಲಿ ಕ್ಲೋಸ್ಡ್ ಎಲಿಮೆಂಟು. ಒತ್ತದೇ ಇದ್ದಾಗ ಕರೆಂಟು ಹರಿಯುತ್ತಿರುತ್ತದೆ, ಒತ್ತಿದರೆ ಕಟ್ ಆಗುತ್ತದೆ. ಯಾಕೆ ಹೀಗೆ ಅಂದರೆ, ವೈರ್ ತುಂಡಾದರೂ, ಇಲಿ ಕಡಿದರೂ, ಟರ್ಮಿನಲ್ ಬಿಟ್ಟುಕೊಂಡರೂ ಮೆಷೀನ್ ನಿಲ್ಲಬೇಕು. ಒತ್ತಿದಾಗ ಮಾತ್ರ ಕರೆಂಟು ಹರಿಯುವ ಎನ್‌ಓ (ನಾರ್ಮಲಿ ಓಪನ್) ಹಾಕಿದರೆ ವೈರ್ ತುಂಡಾದ ದಿನದಿಂದ ಬಟನ್ ಬರೀ ಅಲಂಕಾರ. ಇದು ಐಟಿಐ ಮೊದಲ ವರ್ಷದ ಪಾಠ. ಆದರೆ ಎನ್‌ಸಿಗೂ ಒಂದು ಕುರುಡು ಇದೆ. ಎಲಿಮೆಂಟು ಹೆಡ್ಡಿನಿಂದ ಕಳಚಿ ಬಿದ್ದರೆ ಅದಕ್ಕೆ ಯಾರೂ ಒತ್ತಿಲ್ಲ ಅಂತಲೇ ಲೆಕ್ಕ. ಕ್ಲೋಸ್ ಆಗಿಯೇ, ಅಂದರೆ ಕರೆಂಟು ಹರಿಸುತ್ತಲೇ ಇರುತ್ತದೆ. ನಿಮಿಷಕ್ಕೆ 45 ಸ್ಟ್ರೋಕ್ ಹೊಡೆಯುವ ಪ್ರೆಸ್ಸಿನ ಮೈಮೇಲೆ ಕೂತ ಪ್ಲಾಸ್ಟಿಕ್ ಕ್ಲಿಪ್ಪು ಕಳಚುವುದರಲ್ಲಿ ಆಶ್ಚರ್ಯವೇನಿಲ್ಲ, ಅಲ್ವಾ?

ನಾನು ಈ ಕೆಲಸಕ್ಕೆ ಬಂದಿದ್ದು ಫೆರೂಲ್ ಹಾಕುವ ಹುಡುಗಿಯಾಗಿ. ಪಾಂಡವಪುರ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿ, ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಬಂದು, ಒಂದು ಪ್ಯಾನೆಲ್ ಶಾಪಿನಲ್ಲಿ ದಿನವಿಡೀ ವೈರಿನ ತುದಿಗೆ ನಂಬರ್ ಫೆರೂಲ್ ತೂರಿಸಿ, ಲಗ್ ಕ್ರಿಂಪ್ ಮಾಡುವುದು. ಪವರ್‌ಗೆ ಕಪ್ಪು, ಎಸಿ ಕಂಟ್ರೋಲ್‌ಗೆ ಕೆಂಪು, ಡಿಸಿ ಕಂಟ್ರೋಲ್‌ಗೆ ನೀಲಿ, ಅರ್ತ್‌ಗೆ ಹಸಿರು-ಹಳದಿ. ಎರಡು ವರ್ಷ ಬರೀ ಇದೇ. ಡ್ರಾಯಿಂಗ್ ಓದುವುದನ್ನು ಕಲಿತಿದ್ದು ಊಟದ ಬಿಡುವಿನಲ್ಲಿ. ಎಮರ್ಜೆನ್ಸಿ ಬಟನ್ನಿನ ವೈರುಗಳನ್ನು ಕಾಯುತ್ತಾ, ಒತ್ತಿದರೆ ಕಾಂಟ್ಯಾಕ್ಟರ್ ಬೀಳಿಸುವ ಸೇಫ್ಟಿ ರಿಲೇ ಅನ್ನುವ ಡಬ್ಬಿ ಕೈಗೆ ಬಂದಾಗ ನನ್ನ ಮೊದಲ ಪ್ರಶ್ನೆ, "ಇಷ್ಟು ದುಡ್ಡು ಕೊಟ್ಟು ಇದು ಯಾಕೆ, ಎರಡು ಸಾದಾ ರಿಲೇ ಸಾಲದಾ?" ಅಂತ.

ಸಾಲುವುದಿಲ್ಲ. ಸಾದಾ ರಿಲೇ ಹೇಳಿದ್ದನ್ನು ಕೇಳುತ್ತದೆ. ಸೇಫ್ಟಿ ರಿಲೇ ಅನುಮಾನದ ಪ್ರಾಣಿ. ಪಿಲ್ಜ್ ಅನ್ನುವ ಜರ್ಮನ್ ಕಂಪನಿ 1987ರಲ್ಲಿ 'ಪಿನೋಜ್' ಅಂತ ಒಂದು ಸೇಫ್ಟಿ ರಿಲೇ ತಂದಿತು. ಈಗ ಹತ್ತಾರು ಕಂಪನಿಗಳು ಮಾಡುತ್ತವೆ, ಸಿದ್ಧಾಂತ ಹೆಚ್ಚುಕಡಿಮೆ ಅದೇ. ಎ1, ಎ2 ಅನ್ನುವ ಟರ್ಮಿನಲ್ಲುಗಳಿಗೆ 24 ವೋಲ್ಟ್ ಕೊಡಬೇಕು. ಎಸ್11ರಿಂದ ಹೊರಟ ವೈರ್ ಮಶ್ರೂಮಿನ ಒಂದು ಎಲಿಮೆಂಟ್ ದಾಟಿ ಎಸ್12ಕ್ಕೆ ವಾಪಸ್ ಬರುತ್ತದೆ. ಎಸ್21ರಿಂದ ಹೊರಟಿದ್ದು ಎರಡನೇ ಎಲಿಮೆಂಟ್ ದಾಟಿ ಎಸ್22ಕ್ಕೆ. ನಂಬರುಗಳು ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು. ಎರಡೂ ದಾರಿಯಲ್ಲಿ ಕರೆಂಟು ಹರಿಯುತ್ತಿದ್ದರೆ ಮಾತ್ರ ಒಪ್ಪಿಗೆ. ಒಂದು ಕಟ್ಟಾಗಿ ಇನ್ನೊಂದು ಕಟ್ಟಾಗದಿದ್ದರೆ ಮೆಷೀನನ್ನಂತೂ ನಿಲ್ಲಿಸುತ್ತದೆ, ಮತ್ತೆ ರಿಸೆಟ್ ತಗೊಳ್ಳುವುದಿಲ್ಲ. ಕೆಲವು ರಿಲೇಗಳಲ್ಲಿ ಒಂದು ದಾರಿ ಪ್ಲಸ್ಸಿನದು, ಇನ್ನೊಂದು ಮೈನಸ್ಸಿನದು. ಕೇಬಲ್ಲು ಜಜ್ಜಿ ಎರಡು ವೈರ್ ಒಂದಕ್ಕೊಂದು ತಗುಲಿದರೆ ಶಾರ್ಟ್ ಆಗಿ ರಿಲೇ ಬಿದ್ದುಹೋಗುತ್ತದೆ. ಒಳಗಿರುವ ಕಾಂಟ್ಯಾಕ್ಟುಗಳೂ ಒಂದಕ್ಕೊಂದು ಕೋಲು ಕಟ್ಟಿದ ಹಾಗೆ. ಒಂದು ಅಂಟಿಕೊಂಡರೆ ಅದರ ಎದುರಿನದು ಮುಚ್ಚಲಾರದು. ಹಾಗಾಗಿ ತನ್ನ ಒಳಗೆ ಕೆಟ್ಟಿದ್ದರೂ ಅದಕ್ಕೇ ಗೊತ್ತಾಗುತ್ತದೆ.

ಇಷ್ಟೆಲ್ಲ ಇದ್ದೂ ಹಿಂದಿನ ಬಟನ್ ಸತ್ತಿದ್ದು ರಿಲೇಗೆ ಯಾಕೆ ಗೊತ್ತಾಗಲಿಲ್ಲ? ಎರಡು ಎಲಿಮೆಂಟೂ ಒಂದೇ ಕ್ಲಿಪ್ಪಿನಲ್ಲಿ ಕೂತಿದ್ದವು. ಬಿದ್ದಿದ್ದೂ ಒಟ್ಟಿಗೆ. ಎರಡು ದಾರಿಯೂ ಕ್ಲೋಸ್. ಎರಡು ಹಸಿರು ದೀಪ. ರಿಲೇ ಪಾಪ, ಎಲ್ಲ ಕ್ಷೇಮ ಅಂದುಕೊಂಡಿತ್ತು. ಇಬ್ಬರು ಕಾವಲುಗಾರರನ್ನು ಒಂದೇ ಮಂಚದ ಮೇಲೆ ಮಲಗಿಸಿದ ಹಾಗೆ.

ಇದಕ್ಕೆ ಮದ್ದು ಇದೆ, ದುಬಾರಿಯೂ ಅಲ್ಲ. ಹೆಡ್ಡಿನಿಂದ ಕಳಚಿದರೆ ತಾನೇ ಓಪನ್ ಆಗುವ ಎಲಿಮೆಂಟು ಸಿಗುತ್ತದೆ. ಒಳಗೆ ಎನ್‌ಸಿ ಜೊತೆ ಸೀರೀಸ್‌ನಲ್ಲಿ ಒಂದು ಎನ್‌ಓ ಇರುತ್ತದೆ. ಹೆಡ್ಡಿಗೆ ಸರಿಯಾಗಿ ಕೂತಾಗ ಆ ಎನ್‌ಓ ಒತ್ತಿಕೊಂಡು ಕ್ಲೋಸ್ ಆಗುತ್ತದೆ. ಕಳಚಿದರೆ ಬಿಟ್ಟುಕೊಳ್ಳುತ್ತದೆ, ಮೆಷೀನ್ ನಿಲ್ಲುತ್ತದೆ. ಸಾಯಂಕಾಲದೊಳಗೆ ಮೂರೂ ಡಬ್ಬಿಗೆ ಅದನ್ನೇ ಹಾಕಿಸಿದೆ. ತಗೊಳ್ಳುವಾಗ ಎಲಿಮೆಂಟಿನ ಮೇಲೆ ವೃತ್ತದೊಳಗೆ ಬಾಣದ ಗುರುತು ಇದೆಯಾ ನೋಡಿ. ಕಾಂಟ್ಯಾಕ್ಟು ಅಂಟಿಕೊಂಡಿದ್ದರೂ ಒತ್ತಿದ ಬಲಕ್ಕೇ ಕಿತ್ತು ತೆರೆಯುತ್ತದೆ, ಸ್ಪ್ರಿಂಗನ್ನು ನಂಬಿ ಕೂರುವುದಿಲ್ಲ ಅನ್ನುವ ಗುರುತು ಅದು. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಅಗ್ಗದ ಮಾಲಿನಲ್ಲಿ ಎಷ್ಟೋ ಸಲ ಇರುವುದಿಲ್ಲ.

ಮಾಲೀಕರು ಬಂದರು. ಒಳ್ಳೆಯ ಮನುಷ್ಯ, ಕೂಲಿ ಬಾಕಿ ಇಡುವವರಲ್ಲ. "ಮೇಡಂ, ಮುಂದಿನ ಎರಡು ಬಟನ್ ಕೆಲಸ ಮಾಡ್ತಿದ್ವಲ್ಲ, ಹಿಂದೆ ಯಾರು ಹೋಗ್ತಾರೆ?" ಅಂದರು. ಸ್ಕ್ರ್ಯಾಪ್ ತೆಗೆಯುವ ಹುಡುಗ ಹೋಗುತ್ತಾನೆ ಸಾರ್, ಅಂದೆ. ಸುಮ್ಮನಾದರು. ಆಮೇಲೆ ಅವರೇ, "ಹಂಗಾದ್ರೆ ಪ್ಯಾನೆಲ್ಲೂ ಒಂದ್ಸಲ ಪೂರ್ತಿ ನೋಡಿಬಿಡಿ" ಅಂದರು.

ನೋಡಿದೆ. ನೋಡದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮೇನ್ ಮೋಟಾರಿಗೆ ಕೆ1, ಕೆ2 ಅಂತ ಎರಡು ಕಾಂಟ್ಯಾಕ್ಟರ್ ಸೀರೀಸ್‌ನಲ್ಲಿ ಹಾಕಿದ್ದರು. ಸರಿಯಾದ ಪದ್ಧತಿ. ಒಂದು ಅಂಟಿಕೊಂಡರೆ ಇನ್ನೊಂದು ಬಿಡುತ್ತದೆ. ಆದರೆ ಒಂದು ಅಂಟಿಕೊಂಡಿದೆ ಅಂತ ಗೊತ್ತಾಗುವುದು ಹೇಗೆ? ಅದಕ್ಕೇ ಎರಡರ ಎನ್‌ಸಿ ಆಕ್ಸಿಲರಿಯನ್ನೂ, ಅಂದರೆ ಜೊತೆಗಿರುವ ಸಣ್ಣ ಕಾಂಟ್ಯಾಕ್ಟನ್ನೂ, ರಿಸೆಟ್ ಬಟನ್ನಿನ ಜೊತೆ ಸೀರೀಸ್‌ನಲ್ಲಿ ತರಬೇಕು. ಫೀಡ್‌ಬ್ಯಾಕ್ ಅನ್ನುವುದು ಇದನ್ನೇ. ಮಿರರ್ ಕಾಂಟ್ಯಾಕ್ಟ್ ಇರುವ ಕಾಂಟ್ಯಾಕ್ಟರಿನಲ್ಲಿ ಮೋಟಾರಿನ ಕರೆಂಟು ಹೋಗುವ ಮೇನ್ ಪೋಲ್ ಒಂದೇ ಒಂದು ಅಂಟಿದ್ದರೂ ಆ ಎನ್‌ಸಿ ಮುಚ್ಚುವುದಿಲ್ಲ. ಮುಚ್ಚದಿದ್ದರೆ ರಿಸೆಟ್ ಆಗುವುದಿಲ್ಲ. ರಿಸೆಟ್ ಆಗದಿದ್ದರೆ ಮೋಟಾರ್ ಸ್ಟಾರ್ಟ್ ಆಗುವುದಿಲ್ಲ. ಕೆಟ್ಟಿದ್ದು ತಾನೇ ಬಂದು ಕೆಟ್ಟಿದ್ದೇನೆ ಅಂತ ಹೇಳುವ ಏರ್ಪಾಡು.

ಡ್ರಾಯಿಂಗಿನಲ್ಲಿ ಎಲ್ಲ ಇತ್ತು. ಟರ್ಮಿನಲ್ ಸಾಲಿನಲ್ಲಿ ಮಾತ್ರ ಎರಡು ಟರ್ಮಿನಲ್ಲಿನ ನಡುವೆ ಬೆರಳುದ್ದದ ಒಂದು ಕೆಂಪು ವೈರ್. ಫೆರೂಲ್ ಇಲ್ಲ, ಲಗ್ ಇಲ್ಲ, ಹಲ್ಲಿನಲ್ಲಿ ಸಿಪ್ಪೆ ಸುಲಿದ ಹಾಗೆ ತುದಿ. ಫೆರೂಲ್ ಇಲ್ಲದ ವೈರ್ ಕಂಡರೆ ನನಗೆ ಮೈಯೆಲ್ಲ ಕಣ್ಣು. ನೀಲಿ ವೈರಿನ ಮಧ್ಯೆ ಕೆಂಪು ಅಂದರೆ ಯಾವನೋ ರಾತ್ರಿ ಪಾಳಿಯಲ್ಲಿ ಕೈಗೆ ಸಿಕ್ಕಿದ್ದು ಹಾಕಿದ್ದಾನೆ. ಆ ಒಂದು ಲೂಪು ಇಡೀ ಫೀಡ್‌ಬ್ಯಾಕನ್ನು ದಾಟಿಸಿಬಿಟ್ಟಿತ್ತು.

ಲೂಪ್ ಕಿತ್ತೆ. ರಿಸೆಟ್ ಒತ್ತಿದೆ. ತಗೊಳ್ಳಲಿಲ್ಲ. ಕೆ1 ಬಿಚ್ಚಿ ನೋಡಿದರೆ ಮೂರು ಪೋಲಿನಲ್ಲಿ ಎರಡು ಕರಗಿ ಅಂಟಿಕೊಂಡಿವೆ. ಅಂದರೆ ರಿಲೇ ಆವತ್ತು ಸತ್ಯವನ್ನೇ ಹೇಳಿತ್ತು. ಮೆಷೀನ್ ಸ್ಟಾರ್ಟ್ ಆಗುತ್ತಿಲ್ಲ, ಬೆಳಗ್ಗೆ ಮಾಲು ಹೋಗಬೇಕು, ಲೂಪ್ ಹಾಕು ಅಂತ ಯಾರೋ ಅದರ ಬಾಯಿ ಮುಚ್ಚಿಸಿದ್ದರು. ಅಲ್ಲಿಂದ ಇಲ್ಲಿಯವರೆಗೆ ಮೋಟಾರು ನಿಂತಿದ್ದೆಲ್ಲ ಕೆ2 ಒಂದರ ದಯೆಯಿಂದ. ಬೆಳಗ್ಗೆ ನಾನು ಖುಷಿಯಿಂದ ಕೇಳಿದ ಆ ಎರಡು 'ಟಕ್' ಇದ್ದವಲ್ಲ, ಅವೂ ಒಬ್ಬನೇ ಹೇಳಿದ ಮಾತು. ಸರಿ ಇದ್ದಾಗ ಎರಡೂ ಕಾಂಟ್ಯಾಕ್ಟರ್ ಒಟ್ಟಿಗೆ ಬೀಳುವುದರಿಂದ ಒಂದೇ ಸದ್ದು ಕೇಳುತ್ತದೆ. ಒಂದು ಬಿದ್ದರೂ ಅದೇ ಸದ್ದು. ಕಿವಿಯ ಮೇಲೆ ನನಗಿದ್ದ ಜಂಬ ಆವತ್ತಿಗೆ ಇಳಿಯಿತು.

ಲೂಪ್ ಹಾಕಿದವನು ಯಾರು ಅಂತ ಮಾಲೀಕರು ಕೂಗಾಡಿದರು. ಬೇಡ ಸಾರ್ ಅಂದೆ. ಹಾಕಿದವನಿಗೆ ಬೈಯುವುದಕ್ಕಿಂತ ಹಾಕು ಅಂದವರು ಯಾರು ಅಂತ ಕೇಳಬೇಕಾಗುತ್ತದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಅವರಿಗೆ ಅರ್ಥವಾಯಿತು.

ಮೋಟಾರಿನದು ಅರ್ಧ ಕಥೆ. ಪ್ರೆಸ್ಸಿನಲ್ಲಿ ಮೋಟಾರ್ ನಿಲ್ಲಿಸಿದರೆ ಮೇಲಿಂದ ಇಳಿದು ಒತ್ತುವ ರ‍್ಯಾಮ್ ನಿಲ್ಲುವುದಿಲ್ಲ, ಫ್ಲೈವೀಲಿನಲ್ಲಿ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ. ಬಿಡಿಸಬೇಕಾದ್ದು ಆ ಫ್ಲೈವೀಲನ್ನು ರ‍್ಯಾಮಿಗೆ ಜೋಡಿಸುವ ಕ್ಲಚ್ಚನ್ನು. ಈ ಮೆಷೀನಿನದು ಗಾಳಿಯ ಕ್ಲಚ್ಚು. ಗಾಳಿ ಬಂದರೆ ಕ್ಲಚ್ ಹಿಡಿಯುತ್ತದೆ, ಗಾಳಿ ಹೋದರೆ ಸ್ಪ್ರಿಂಗ್ ಬಂದು ಬ್ರೇಕ್ ಹಾಕುತ್ತದೆ. ಅಲ್ಲಿಯೂ ಒಂದೇ ವಾಲ್ವ್ ಇರಬಾರದು. ಒಂದೇ ಬಾಡಿಯಲ್ಲಿ ಎರಡು ವಾಲ್ವ್, ಎರಡು ಕಾಯಿಲ್. ಎರಡೂ ಎದ್ದರೆ ಮಾತ್ರ ಗಾಳಿ ಒಳಗೆ. ಒಂದು ಸಿಕ್ಕಿಹಾಕಿಕೊಂಡರೆ ಇನ್ನೊಂದರ ಮೂಲಕ ಗಾಳಿ ಹೊರಗೆ ಹೋಗುತ್ತದೆ, ಮುಂದಿನ ಸ್ಟ್ರೋಕ್ ಬರುವುದಿಲ್ಲ. ಇದು ಪುಣ್ಯಕ್ಕೆ ಸರಿ ಇತ್ತು. ಯಾರಿಗೂ ಲೂಪ್ ಹಾಕಲು ಬರದಂಥ ಜಾಗದಲ್ಲಿತ್ತು ಅನ್ನುವುದೂ ಒಂದು ಕಾರಣ ಇರಬಹುದು.

ಇನ್ನೊಂದು ಚಿಕ್ಕದು, ಆದರೆ ಜಾಸ್ತಿ ಜನ ಬಿಡುವಂಥದ್ದು. 24 ವೋಲ್ಟಿನ ಜೀರೋ ಕಡೆಯನ್ನು ಅರ್ತ್‌ಗೆ ಕಟ್ಟಿರಲಿಲ್ಲ. ಕಟ್ಟದಿದ್ದರೆ ಏನಾಗುತ್ತದೆ? ಬಟನ್ನಿಗೆ ಮುಂಚೆ ಒಂದು ಕಡೆ ವೈರಿನ ಸಿಪ್ಪೆ ಸವೆದು ಬಾಡಿಗೆ ತಗುಲುತ್ತದೆ. ಏನೂ ಆಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಆರು ತಿಂಗಳು ಬಿಟ್ಟು ಬಟನ್ನಿನ ಆಚೆ ಇನ್ನೊಂದು ಕಡೆ ತಗುಲುತ್ತದೆ. ಈಗ ಕರೆಂಟು ಬಟನ್ನನ್ನು ಬಿಟ್ಟು ಮೆಷೀನಿನ ಮೈ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ. ಅರ್ತ್ ಕಟ್ಟಿದ್ದರೆ ಮೊದಲನೇ ಸಲವೇ ಫ್ಯೂಸ್ ಹಾರುತ್ತದೆ. ಒಂದು ತುಂಡು ಹಸಿರು-ಹಳದಿ ವೈರಿನ ಕೆಲಸ.

ಇಷ್ಟೆಲ್ಲ ಮಾಡುವಷ್ಟರಲ್ಲಿ ಮಾಲೀಕರಿಗೆ ಹುರುಪು ಬಂದು ಲೈಟ್ ಕರ್ಟನ್ ವಿಷಯ ತೆಗೆದರು. ಎರಡು ಕಂಬದ ನಡುವೆ ಹಾಯುವ ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ರ‍್ಯಾಮ್ ನಿಲ್ಲಿಸುವ ಸಾಧನ ಅದು. ಕರ್ಟನ್ ಆಗಲೇ ಹಾಕಿತ್ತು, ಪೀಸು ಒತ್ತುವ ಅಚ್ಚಿನಿಂದ, ಅಂದರೆ ಡೈಯಿಂದ, 200 ಎಂಎಂ ದೂರದಲ್ಲಿ. ನೋಡಲು ಚೆಂದ. ಆದರೆ ದೂರ ಎಷ್ಟಿರಬೇಕು ಅನ್ನುವುದು ಚೆಂದದ ಲೆಕ್ಕವಲ್ಲ. ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬರುತ್ತದೆ ಅಂತ ಸ್ಟ್ಯಾಂಡರ್ಡಿನ ಎಣಿಕೆ. ಸ್ಟಾಪ್ ಟೈಮ್ ಮೀಟರ್ ಬಾಡಿಗೆಗೆ ತಂದು, ರ‍್ಯಾಮ್ ಜೋರಾಗಿ ಇಳಿಯುವ ಜಾಗದಲ್ಲಿ, ಅಂದರೆ ಕ್ರ್ಯಾಂಕ್ 90 ಡಿಗ್ರಿಯಲ್ಲಿ ಅಳೆದೆವು. ಬ್ರೇಕ್ ಹಿಡಿದು ನಿಲ್ಲಲು 175 ಮಿಲಿಸೆಕೆಂಡ್. ಕರ್ಟನ್ನಿಗೆ 15, ರಿಲೇಗೆ 20. ಒಟ್ಟು 210. ಎರಡು ಮೀಟರ್ ವೇಗದ ಕೈ ಅಷ್ಟು ಹೊತ್ತಿನಲ್ಲಿ 420 ಎಂಎಂ ಹೋಗಿರುತ್ತದೆ. ಅಂದರೆ 200ರಲ್ಲಿ ಹಾಕಿದ ಕರ್ಟನ್ ಕೈಯನ್ನು ನೋಡುತ್ತದೆ, ಬ್ರೇಕನ್ನೂ ಹಾಕುತ್ತದೆ, ಆದರೆ ಕೈ ಮೊದಲೇ ಡೈ ಮುಟ್ಟಿರುತ್ತದೆ. ಇದೂ 14 ಎಂಎಂ ರೆಸಲ್ಯೂಷನ್ನಿನ, ಅಂದರೆ ಅಷ್ಟು ದಪ್ಪದ ವಸ್ತುವನ್ನೂ ಕಾಣುವ ಕರ್ಟನ್ನಿಗೆ. 30 ಎಂಎಂ ಆದರೆ ದೂರ ಇನ್ನೂ ಜಾಸ್ತಿ ಬೇಕು. ಬ್ರೇಕ್ ಲೈನಿಂಗ್ ಸವೆದಂತೆ ನಿಲ್ಲುವ ಸಮಯ ಬೆಳೆಯುತ್ತದೆ. ಆದ್ದರಿಂದ 420ಕ್ಕೆ ಸರಿಯಾಗಿ ಕೂರಿಸದೆ 460ಕ್ಕೆ ಸರಿಸಿದೆವು. ನಡುವಿನ ಸಂದಿಯಲ್ಲಿ ಯಾರೂ ನುಗ್ಗಿ ನಿಲ್ಲದಂತೆ ಅಡ್ಡ ಪೈಪು ಹಾಕಿಸಿದೆವು.

ಅಣ್ಣನಿಗೆ ಇದು ಸರಿಹೋಗಲಿಲ್ಲ. "ಕೈ ಎಟುಕಾಕಿಲ್ಲ ಕಣವ್ವ, ಪೀಸು ಹೆಂಗೆ ಇಡಾದು?" ಅಂದರು. ಚಿಮಟದಂಥ ಉದ್ದನೆಯ ಇಕ್ಕಳ ಮಾಡಿಸಿಕೊಟ್ಟೆವು. ಎರಡು ವಾರ ಗೊಣಗಿದರು.

ಅವರ ಬಲಗೈಯಲ್ಲಿ ಎರಡು ಬೆರಳಿನ ತುದಿ ಇಲ್ಲ. ಈ ಶೆಡ್ಡಿನಲ್ಲಿ ಹೋಗಿದ್ದಲ್ಲ, ಬೇರೆ ಊರಿನಲ್ಲಿ, ಹರೆಯದಲ್ಲಿ, 20 ಟನ್ನಿನ ಪಿನ್ ಕ್ಲಚ್ ಪ್ರೆಸ್ಸಿನಲ್ಲಿ. ಪೆಡಲ್ ಒಂದು ಸಲ ತುಳಿದಿದ್ದರಂತೆ, ರ‍್ಯಾಮ್ ಎರಡು ಸಲ ಬಂತಂತೆ. ಪಿನ್ನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಮುರಿದಿತ್ತು. ಅವರು ಹೇಳಿದ್ದು ಇಷ್ಟೇ, ನಾನೂ ಕೇಳಲಿಲ್ಲ.

ಇದೇ ಶೆಡ್ಡಿನ ಮೂಲೆಯಲ್ಲಿ ಅಂಥ ಎರಡು ಪಿನ್ ಕ್ಲಚ್ ಮೆಷೀನಿವೆ. ಅವಕ್ಕೂ ಕರ್ಟನ್ ಹಾಕಿಕೊಡಿ ಅಂದರು ಮಾಲೀಕರು. ನಾನು ಒಪ್ಪಲಿಲ್ಲ. ಪಿನ್ ಒಂದು ಸಲ ಹಿಡಿದರೆ ಆ ಸುತ್ತು ಮುಗಿಯುವವರೆಗೆ ದೇವರು ಬಂದರೂ ನಿಲ್ಲುವುದಿಲ್ಲ. ಕರ್ಟನ್ ಕೈಯನ್ನು ನೋಡಿ ಏನು ಮಾಡಬೇಕು? ಅಲ್ಲಿಗೆ ಬೇಕಾದ್ದು ಜಾಲರಿಯ ಫಿಕ್ಸ್ ಗಾರ್ಡು, ಬೆರಳು ಹೋಗದಷ್ಟು ಸಂದಿ, ಪೀಸು ಜಾರಿ ಒಳಗೆ ಹೋಗುವ ಚೂಟು. ಕರ್ಟನ್ ಮಾರಿದ್ದರೆ ನನಗೆ ಒಳ್ಳೆಯ ಬಿಲ್ ಆಗುತ್ತಿತ್ತು. ಗಾರ್ಡ್ ಮಾಡಿದ್ದು ಪಕ್ಕದ ವೆಲ್ಡಿಂಗ್ ಶಾಪಿನವರು, ದುಡ್ಡೂ ಅವರಿಗೇ ಹೋಯಿತು.

1948ರ ಕಾರ್ಖಾನೆ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಎಮರ್ಜೆನ್ಸಿಯಲ್ಲಿ ಪವರ್ ಕಟ್ ಮಾಡುವ ಸಾಧನ ಪ್ರತಿ ಕೆಲಸದ ಕೋಣೆಯಲ್ಲೂ ಒದಗಿಸಬೇಕು, ಸುಸ್ಥಿತಿಯಲ್ಲಿ ಇಡಬೇಕು ಅಂತ ಬರೆದಿದ್ದರು. ಒದಗಿಸುವುದನ್ನು ಎಲ್ಲರೂ ಮಾಡುತ್ತಾರೆ, ಫೋಟೋ ತೆಗೆಯಬಹುದಲ್ಲ. ಎರಡನೇ ಪದವೇ ಆ ಹಿಂದಿನ ಡಬ್ಬಿಯ ಎಣ್ಣೆಯಲ್ಲಿ ಮಲಗಿದ್ದು.

ಈಗ ಪಾಳಿ ಶುರುವಾಗುವಾಗ ಮೂರು ಬಟನ್ನನ್ನೂ ಒತ್ತುವುದು ಅಣ್ಣನ ಕೆಲಸ. ಒಂದೊಂದಾಗಿ ಒತ್ತಬೇಕು, ಪ್ರತಿ ಸಲ ರಿಸೆಟ್ ಆಗುತ್ತದಾ ನೋಡಬೇಕು ಅಂತ ಹೇಳಿಕೊಟ್ಟಿದ್ದೇನೆ. ಮೂರೂ ಒಂದೇ ರಿಲೇಗೆ ಸೀರೀಸ್‌ನಲ್ಲಿರುವುದರಿಂದ ಹಾಗೆ. ಒಂದು ಬಟನ್ನಿನ ಒಂದು ಎಲಿಮೆಂಟ್ ಕೆಟ್ಟಿದ್ದರೆ ರಿಲೇ ಹಿಡಿಯುತ್ತದೆ. ಆದರೆ ಆಮೇಲೆ ಪಕ್ಕದ ಒಳ್ಳೆಯ ಬಟನ್ ಒತ್ತಿ ಎಳೆದರೆ ಎರಡು ದಾರಿಯೂ ಕಟ್ಟಾಗಿ ಮತ್ತೆ ಸೇರುತ್ತವೆ, ರಿಲೇ ಆ ತಪ್ಪನ್ನು ಮರೆತುಬಿಡುತ್ತದೆ. ಬುದ್ಧಿವಂತರು ಇದನ್ನು ಬೇಗ ಕಲಿಯುತ್ತಾರೆ. ರಿಜಿಸ್ಟರಿನಲ್ಲಿ ಟಿಕ್ ತೆಗೆದು, ರಿಸೆಟ್ ಆದ ಗಂಟೆ-ನಿಮಿಷ ಬರೆಯುವ ಹಾಗೆ ಮಾಡಿದೆವು. ನಾಳಿನ ಗಂಟೆಯನ್ನು ಇವತ್ತೇ ಬರೆಯಲು ಸ್ವಲ್ಪ ಕಷ್ಟ, ನೋಡಿ.

ಈ ವರ್ಷ ಆಯುಧಪೂಜೆಗೆ ಕರೆದಿದ್ದರು, ಹೋದೆ. ಪ್ರೆಸ್ಸಿಗೆ ವಿಭೂತಿ ಪಟ್ಟೆ, ಕುಂಕುಮ, ಬಾಳೆಕಂಬ. ಮಶ್ರೂಮ್ ಬಟನ್ನಿಗೂ ಯಾರೋ ಅರಿಶಿನ ಬಳಿದಿದ್ದರು, ಅದು ಒಳಗೆ ಇಳಿಯದ ಹಾಗೆ ಒರೆಸಿದೆ. ಬೂದುಗುಂಬಳ ಒಡೆದರು. ಮಂಗಳಾರತಿ ಆಯಿತು. ಶಾಸ್ತ್ರಕ್ಕೆ ಒಂದು ಸ್ಟ್ರೋಕ್ ಹೊಡೆಯಲಿ ಅಂತ ಮಾಲೀಕರು ಮನೆಯವರನ್ನೆಲ್ಲ ಸುತ್ತ ನಿಲ್ಲಿಸಿ, ಎರಡೂ ಕೈಯಿಂದ ಸ್ಟ್ರೋಕ್ ಹೊಡೆಸುವ ಎರಡು ಬಟನ್ ಒತ್ತಿದರು.

ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಮತ್ತೆ ಇಲ್ಲ. ಪೂಜೆಯ ದಿನವೇ ಹಿಂಗಾಯ್ತಲ್ಲ ಅಂತ ಅವರ ತಾಯಿ ಮುಖ ಸಣ್ಣಗೆ ಮಾಡಿಕೊಂಡರು. ನಾನು ಪ್ಯಾನೆಲ್ ಬಾಗಿಲು ತೆಗೆದೆ. ಎಮರ್ಜೆನ್ಸಿಯ ಎರಡು ದೀಪ ಹಸಿರು. ಕರ್ಟನ್ನಿನದು ಮಾತ್ರ ಕೆಂಪು.

ಅಣ್ಣ ನನಗಿಂತ ಮೊದಲೇ ಕಂಡುಕೊಂಡಿದ್ದರು. ಮುಂದೆ ಬಂದು, ಕರ್ಟನ್ನಿನ ಕಂಬದಿಂದ ಕಂಬಕ್ಕೆ ತೋರಣದ ಹಾಗೆ ಕಟ್ಟಿದ್ದ ಚೆಂಡುಹೂವಿನ ಹಾರವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

"ಹೂವನ್ನೂ ಬುಡಾಕಿಲ್ಲ ಕಣವ್ವ ಇದು" ಅಂದರು.